ಡ್ವಾರ್ಫ್ ಔಟ್‌ಲಾ ಒಂಟಿಯಾಗಿ ಬದುಕೋಕಾಗಲ್ಲ

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ವಾರಕ್ಕೊಮ್ಮೆ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ) ಆಡಲು ಶುರು ಮಾಡಿದ್ದೇವೆ. ನಮ್ಮ ಹತ್ತಿರ ಇರುವುದು 2014ರ ನಿಯಮ ಪುಸ್ತಕ. ನನಗೆ ಡ್ವಾರ್ಫ್ (ಬೆಟ್ಟದೊಳಗೆ ಬದುಕುವ ಕುಳ್ಳರ ಕುಲದವನು) ಔಟ್‌ಲಾ ಪಾತ್ರ ಮಾಡಬೇಕು ಅಂತ ಆಸೆ. ಕುಲದ ಚಿನ್ನ ಕದ್ದು ಬೆಟ್ಟದಿಂದ ಓಡಿಬಂದವನು, ಯಾರನ್ನೂ ನಂಬದವನು, ಯಾವಾಗಲೂ ಒಂಟಿ. ಇದನ್ನು ನಮ್ಮ ಡಿಎಂಗೆ ತೋರಿಸಿದೆ. 'ಚೆನ್ನಾಗಿದೆ, ಆದರೆ ಇವನು ನಿಮ್ಮ ಗುಂಪಿನ ಜೊತೆ ಯಾಕೆ ಇರ್ತಾನೆ?' ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಬ್ಬ ಗೆಳೆಯ ಡ್ವಾರ್ಫ್‌ಗೆ ರೋಗ್ ಕ್ಲಾಸ್, ಅಂದರೆ ಅಡಗಿ ಹೊಡೆಯುವ ಕಳ್ಳನ ಕಸುಬು, ಹೊಂದುವುದೇ ಇಲ್ಲ ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ನಿಮ್ಮ ಡಿಎಂ, ಅಂದರೆ ಕಥೆ ನಡೆಸುವವರು, ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಔಟ್‌ಲಾ ಅನ್ನುವ ಪದದಲ್ಲೇ ಇದೆ. ಅಲ್ಲಿಂದಲೇ ಶುರು ಮಾಡೋಣ.

ಔಟ್‌ಲಾ ಅಂದ ತಕ್ಷಣ ನಮ್ಮ ಕಣ್ಣಮುಂದೆ ಬರುವುದು ಕಳ್ಳ, ದರೋಡೆಕೋರ. ಹಳೆಯ ಅರ್ಥ ಅದಲ್ಲ. ಕಳ್ಳ ಕಾನೂನಿನ ಒಳಗೇ ಇರುತ್ತಾನೆ. ಸಿಕ್ಕಿಬಿದ್ದರೆ ವಿಚಾರಣೆ, ಆಮೇಲೆ ಶಿಕ್ಷೆ, ಶಿಕ್ಷೆ ಮುಗಿದರೆ ಮನೆ. ಔಟ್‌ಲಾ ಅಂದರೆ ಕಾನೂನು ಯಾರ ಕೈಬಿಟ್ಟಿದೆಯೋ ಅವನು. ಅವನನ್ನು ಯಾರಾದರೂ ಕೊಂದರೆ ಕೇಳುವವರಿಲ್ಲ. ಅವನ ಹೊಲ ಮನೆ ಅವನದಲ್ಲ. ಅವನಿಗೆ ಒಂದು ತುತ್ತು ಅನ್ನ ಹಾಕಿದವರೂ ತಪ್ಪಿತಸ್ಥರೇ. ನಮ್ಮ ಮಾತಿನಲ್ಲಿ ಇದಕ್ಕೆ ಹತ್ತಿರದ ಪದ ಬಹಿಷ್ಕಾರ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಇಂಥವನ ತಲೆಗೆ 'ತೋಳದ ತಲೆ' ಅಂತಲೇ ಹೆಸರಿತ್ತು. ತೋಳ ಕೊಂದವನ ಮೇಲೆ ಯಾರೂ ದೂರು ಕೊಡುವುದಿಲ್ಲ, ಅಲ್ವಾ? ಹಾಗೆ.

ಇದು ತುಂಬಾ ಸ್ಪಷ್ಟವಾಗಿ ಕಾಣುವುದು ಹಳೆಯ ಐಸ್‌ಲ್ಯಾಂಡಿನಲ್ಲಿ. 930ರ ಸುಮಾರಿಗೆ ಅಲ್ಲಿ ಆಲ್‌ಥಿಂಗ್ ಅನ್ನುವ ಸಭೆ ಶುರುವಾಯಿತು. ರಾಜ ಇರಲಿಲ್ಲ, ಪೊಲೀಸ್ ಇರಲಿಲ್ಲ. ತೀರ್ಪು ಕೊಟ್ಟರೂ ಅದನ್ನು ಜಾರಿ ಮಾಡುವವರು ಯಾರು? ಅದಕ್ಕೆ ಅವರು ಕಂಡುಕೊಂಡ ದಾರಿ ಬಹಿಷ್ಕಾರ. ಅದರಲ್ಲಿ ಎರಡು ಬಗೆ. ದೊಡ್ಡದರ ಹೆಸರಿಗೆ ಅವರ ಭಾಷೆಯಲ್ಲಿ 'ಕಾಡು ಸೇರುವುದು' ಅಂತ ಅರ್ಥ. ಅದಾದ ಮೇಲೆ ಬದುಕಿದ್ದೂ ಸತ್ತ ಹಾಗೆ. ಚಿಕ್ಕದು ಮೂರು ವರ್ಷದ ಗಡೀಪಾರು. ಆ ಚಿಕ್ಕ ಶಿಕ್ಷೆಯಲ್ಲಿ ಒಂದು ನಿಯಮ ಇದೆ, ನನಗೆ ಅದು ಬಹಳ ಇಷ್ಟ. ಹಡಗು ಸಿಗುವವರೆಗೆ ಅವನು ಮೂರು ಮನೆಗಳಲ್ಲಿ ಇರಬಹುದಿತ್ತು. ಆ ಮನೆಯಿಂದ ಒಂದು ಬಾಣ ಹೋಗಿ ಬೀಳುವಷ್ಟು ದೂರದವರೆಗೆ ಅವನನ್ನು ಯಾರೂ ಮುಟ್ಟುವಂತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ನಿಮ್ಮ 'ಒಂಟಿ' ವಿಷಯಕ್ಕೆ ಬರೋಣ. ಐಸ್‌ಲ್ಯಾಂಡಿನ ಕಥೆಗಳಲ್ಲಿ ಗ್ರೆಟ್ಟಿರ್ ಅಂತ ಒಬ್ಬ ಹೆಸರಾಂತ ಔಟ್‌ಲಾ ಇದ್ದಾನೆ. ಬಲದಲ್ಲಿ ಅವನಿಗೆ ಸಮ ಯಾರೂ ಇಲ್ಲ. ಗ್ಲಾಮ್ ಅನ್ನುವ, ಸತ್ತ ಮೇಲೂ ಓಡಾಡುವ ಹೆಣದ ಜೊತೆ ಕಾದಾಡಿ ಗೆದ್ದವನು. ಆದರೆ ಆ ಗ್ಲಾಮ್ ಕೊನೆಗಳಿಗೆಯಲ್ಲಿ ಶಾಪ ಹಾಕಿತು. ಅಲ್ಲಿಂದ ಗ್ರೆಟ್ಟಿರ್‌ಗೆ ಕತ್ತಲೆ ಕಂಡರೆ ಭಯ. ಊರೇ ಅಟ್ಟಿಸಿಕೊಂಡು ಬರುತ್ತಿರುವಾಗ ಅವನು ಒಂಟಿಯಾಗಿ ಅಡಗಬೇಕು, ಆದರೆ ರಾತ್ರಿ ಒಂಟಿಯಾಗಿ ಇರಲು ಅವನಿಂದ ಆಗುವುದಿಲ್ಲ. ಹಾಗಾಗಿ ಯಾರ್‍ಯಾರನ್ನೋ ಜೊತೆಗೆ ಇಟ್ಟುಕೊಳ್ಳುತ್ತಾನೆ. ಅವರಲ್ಲಿ ಕೆಲವರು ಇವನ ತಲೆ ತಂದರೆ ನಿಮ್ಮ ಬಹಿಷ್ಕಾರ ರದ್ದು ಅನ್ನುವ ಮಾತು ನಂಬಿ ಬಂದ ಬೇರೆ ಔಟ್‌ಲಾಗಳು! ಕೊನೆಗೆ ಅವನು ಸೇರಿದ್ದು ಡ್ರಾಂಗೇ ಅನ್ನುವ ಕಡಿದಾದ ದ್ವೀಪ. ಅಲ್ಲಿಗೂ ಇನ್ನೂ ಹುಡುಗನಾಗಿದ್ದ ತಮ್ಮ ಇಲ್ಲುಗಿ ಜೊತೆಗೆ ಹೋದ. ಅಣ್ಣನ ಜೊತೆಯಲ್ಲೇ ಸತ್ತ.

ನೋಡಿ, ಇದೇ ಔಟ್‌ಲಾ ಪಾತ್ರದ ಹೃದಯ. ಕಾನೂನಿನ ಕಾವಲು ಇರುವವನಿಗೆ ಜನ ಬೇಕಾಗಿಲ್ಲದೆ ಇರಬಹುದು. ಕಾನೂನು ಕೈಬಿಟ್ಟವನಿಗೆ ಇರುವುದು ಜನ ಮಾತ್ರ. ಅವನು ಉಳಿದಿದ್ದಾನೆ ಅಂದರೆ ಯಾರೋ ಒಬ್ಬರು ಬಾಗಿಲು ತೆರೆದಿದ್ದಾರೆ ಅಂತಲೇ ಅರ್ಥ. 'ಯಾರನ್ನೂ ನಂಬಲ್ಲ' ಅನ್ನುವುದನ್ನು ಪಾತ್ರದ ವಿವರ ಬರೆಯುವ ಶೀಟಿನಿಂದ ಅಳಿಸಿಬಿಡಿ. ಅದರ ಜಾಗದಲ್ಲಿ 'ನಂಬದೆ ಬೇರೆ ದಾರಿಯಿಲ್ಲ' ಅಂತ ಬರೆಯಿರಿ. ಅಷ್ಟರಿಂದಲೇ ಪಾತ್ರ ತಿರುಗಿ ಗುಂಪಿನ ಕಡೆ ಮುಖ ಮಾಡುತ್ತದೆ.

ಗ್ರೆಟ್ಟಿರ್‌ಗೆ ಕತ್ತಲೆ. ನಿಮ್ಮ ಡ್ವಾರ್ಫ್‌ಗೆ ಏನು? ಕತ್ತಲೆ ಆಗುವುದಿಲ್ಲ. ಡ್ವಾರ್ಫ್‌ಗೆ 60 ಅಡಿಯವರೆಗೆ ಕತ್ತಲಲ್ಲೂ ಕಣ್ಣು ಕಾಣುತ್ತದೆ, ಕತ್ತಲೆಯೇ ಅವನ ತವರು. ನಾನಾದರೆ ನಿಶ್ಶಬ್ದವನ್ನು ಆರಿಸುತ್ತೇನೆ. ಯೋಚಿಸಿ: ಬೆಟ್ಟದ ಹೊಟ್ಟೆಯಲ್ಲಿ ಹುಟ್ಟಿದವನು. ಹಗಲು ರಾತ್ರಿ ಅನ್ನದೆ ಎಲ್ಲೋ ಒಂದು ಕಡೆ ಸುತ್ತಿಗೆ ಬೀಳುತ್ತಲೇ ಇರುತ್ತದೆ. ಆ ಸದ್ದು ಕಲ್ಲಿನ ಮೂಲಕ ಹಾಸಿಗೆಗೆ ಬರುತ್ತದೆ. ಅದರಲ್ಲೇ ಮಲಗಿ ಬೆಳೆದವನು. ಹೊರಗೆ ಬಂದ ಮೊದಲ ರಾತ್ರಿ ಬಯಲಿನಲ್ಲಿ ಮಲಗುತ್ತಾನೆ. ಕಿವಿ ನೆಲಕ್ಕಿಟ್ಟರೆ ಏನೂ ಇಲ್ಲ. ಮಣ್ಣು ಮೂಕ. ಅವತ್ತಿನಿಂದ ಒಬ್ಬನೇ ಇದ್ದರೆ ಅವನಿಗೆ ನಿದ್ದೆ ಬರುವುದಿಲ್ಲ. ಯಾರಾದರೂ ಗೊರಕೆ ಹೊಡೆಯಬೇಕು. ಕಾವಲು ಕೂತವರು ಕತ್ತಿಗೆ ಸಾಣೆ ಹಿಡಿಯುತ್ತಿರಬೇಕು. ಅಷ್ಟು ಸದ್ದಿದ್ದರೆ ಐದು ನಿಮಿಷದಲ್ಲಿ ಮಲಗಿಬಿಡುತ್ತಾನೆ.

ನಿಮ್ಮ ಡಿಎಂ ಕೇಳಿದ ಪ್ರಶ್ನೆಗೆ ಇದು ಉತ್ತರ. ಇದನ್ನು ಯಾರಿಗೂ ಬಾಯಿಬಿಟ್ಟು ಹೇಳುವುದೂ ಬೇಡ. ರಾತ್ರಿ ತಂಗಿದಾಗ 'ನೀನು ಕಾವಲು ಕೂತಾಗ ಸುಮ್ನೆ ಇರಬೇಡ, ಏನಾದರೂ ಕುಟ್ಟುತ್ತಾ ಇರು' ಅಂತ ಕೇಳಿ ಸಾಕು. ಎರಡನೇ ವಾರಕ್ಕೆ ಉಳಿದವರೇ ಯಾಕೆ ಅಂತ ಕೇಳುತ್ತಾರೆ.

ಇನ್ನು ಅಪರಾಧ. ಚಿನ್ನ ಕದ್ದದ್ದು ತಪ್ಪೇನಲ್ಲ, ಆದರೆ ತೆಳು. ಈ ಆಟದಲ್ಲಿ ಎಲ್ಲರೂ ಯಾರದ್ದೋ ಚಿನ್ನ ಎತ್ತಿಕೊಂಡೇ ಬಂದಿರುತ್ತಾರೆ. ಮನುಷ್ಯನೂ ಮಾಡಬಹುದಾದ ಅಪರಾಧ ಅದು. ಡ್ವಾರ್ಫ್ ಮಾತ್ರ ಮಾಡಬಹುದಾದ ಅಪರಾಧ ಹುಡುಕಿ. ನಾರ್ಸ್ ಪುರಾಣದಲ್ಲಿ ಥಾರ್‌ನ ಸುತ್ತಿಗೆ ಮಾಡಿದ ಕಥೆ ಇದೆ. ಅಣ್ಣ ತಮ್ಮ ಇಬ್ಬರು ಡ್ವಾರ್ಫ್‌ಗಳು. ಒಬ್ಬ ಕುಲುಮೆ ನೋಡುತ್ತಾನೆ, ಬ್ರೋಕ್ ತಿದಿ ಒತ್ತುತ್ತಾನೆ. ಕೆಲಸ ಕೆಡಿಸಲು ಒಂದು ನೊಣ ಬಂದು ಅವನ ಕಣ್ಣರೆಪ್ಪೆ ಕಚ್ಚುತ್ತದೆ. ರಕ್ತ ಒರೆಸಿಕೊಳ್ಳಲು ಬ್ರೋಕ್ ಒಂದು ಕ್ಷಣ ತಿದಿ ಬಿಡುತ್ತಾನೆ. ಅಷ್ಟಕ್ಕೇ ಸುತ್ತಿಗೆಯ ಹಿಡಿ ಗಿಡ್ಡವಾಯಿತು. ದೇವರುಗಳು ಅದನ್ನೇ ಎಲ್ಲಕ್ಕಿಂತ ಒಳ್ಳೆಯದು ಅಂತ ಒಪ್ಪಿದರು, ನಿಜ. ಆದರೂ ಇವತ್ತಿಗೂ ಆ ಗಿಡ್ಡ ಹಿಡಿಯ ಕಥೆ ಹೇಳುತ್ತೇವೆ. ಕೆಲಸದಲ್ಲಿನ ಒಂದು ಊನ ಕಾಲಕಾಲಕ್ಕೂ ಉಳಿಯುವ ಜನ ಇವರು. ಇಂಥವರಲ್ಲಿ ದೊಡ್ಡ ಅಪರಾಧ ಕಳ್ಳತನ ಆಗಿರಲಾರದು. ಕಳಪೆ ಕೆಲಸಕ್ಕೆ ಕುಲದ ಗುರುತು ಹಾಕುವುದು, ಅದು ದೊಡ್ಡ ಅಪರಾಧ.

ಒಂದು ಉದಾಹರಣೆ ಕಟ್ಟಿ ತೋರಿಸುತ್ತೇನೆ. ಬೇಕಾದ್ದು ತೆಗೆದುಕೊಳ್ಳಿ. ಹೆಸರು ಕೋಲ್ಬರ್ ಅಂತಿರಲಿ. ಅವನ ಕೆಲಸ ಠಸ್ಸೆ ಹೊಡೆಯುವುದು. ಕುಲುಮೆಯಿಂದ ಬಂದ ಪ್ರತಿ ಸರಪಳಿ, ಪ್ರತಿ ಗುದ್ದಲಿಯನ್ನು ಪರೀಕ್ಷೆ ಮಾಡಬೇಕು, ಸರಿಯಿದ್ದರೆ ಕುಲದ ಗುರುತು ಒತ್ತಬೇಕು. ಒಂದು ವರ್ಷ ಆರ್ಡರ್ ಜಾಸ್ತಿ, ಕಬ್ಬಿಣ ಕೆಟ್ಟದ್ದು. ಹಿರಿಯರು 'ಒತ್ತು' ಅಂದರು. ಒತ್ತಿದ. ಆ ಸರಪಳಿ ಹೋದದ್ದು ಬೆಟ್ಟದ ಕೆಳಗಿನ ಮನುಷ್ಯರ ಗಣಿಗೆ. ಪಂಜರ ಇಳಿಯುವಾಗ ಸರಪಳಿ ಹರಿಯಿತು.

ಗಣಿಯಲ್ಲಿ ಹಗ್ಗ, ಸರಪಳಿ ಅಂದರೆ ಏನು ಅಂತ ನಮಗೆ ದೂರದ ಮಾತಲ್ಲ. 2001ರಲ್ಲಿ ಮುಚ್ಚುವವರೆಗೆ ಕೋಲಾರದ ಚಿನ್ನದ ಗಣಿಯಲ್ಲಿ ಜನ ಪಂಜರದಲ್ಲಿ ನಿಂತು ಭೂಮಿಯೊಳಗೆ ಇಳಿಯುತ್ತಿದ್ದರು. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಜಾಸ್ತಿ. ಆ ಹಗ್ಗವನ್ನು ಪರೀಕ್ಷೆ ಮಾಡಿ 'ಸರಿಯಿದೆ' ಅಂದವನ ಮಾತಿನ ಮೇಲೆ ಪಂಜರದಲ್ಲಿ ನಿಂತ ಎಲ್ಲರ ಜೀವ. ಕೋಲ್ಬರ್ ಅಂಥವನು. ಮುರಿದದ್ದು ಅವನ ಮಾತು.

ಆಮೇಲೆ ಅವನು ಎರಡು ಕೆಲಸ ಮಾಡಿದ. ಕೆಳಗಿನ ಊರಿಗೆ ಹೋಗಿ ಸತ್ತವರ ಮನೆಯವರ ಮುಂದೆ ನಿಂತು 'ಕಬ್ಬಿಣ ಕೆಟ್ಟದ್ದು ಅಂತ ನನಗೆ ಗೊತ್ತಿತ್ತು' ಅಂದ. ಮತ್ತೆ ಆ ಠಸ್ಸೆಯನ್ನು ಎತ್ತಿಕೊಂಡು ಓಡಿಬಂದ, ಇನ್ನು ಮುಂದೆ ಯಾರೂ ಅದನ್ನು ಒತ್ತಬಾರದು ಅಂತ. ಕುಲದ ಕಣ್ಣಲ್ಲಿ ಎರಡೂ ದ್ರೋಹ. ಮನೆಯ ಮಾತು ಹೊರಗೆ ಹಾಕಿದ, ಮನೆಯ ಗುರುತು ಕದ್ದ. ನಿಮ್ಮ ಕಳ್ಳತನವೂ ಉಳಿಯಿತು, ನೋಡಿ. ಕದ್ದ ವಸ್ತು ಮಾತ್ರ ಬದಲಾಯಿತು.

ಆ ಠಸ್ಸೆಯನ್ನು ಕೈಯಲ್ಲಿ ಹಿಡಿದ ಹಾಗೆ ಕಲ್ಪಿಸಿಕೊಳ್ಳಿ. ಹೆಬ್ಬೆರಳಿನಷ್ಟು ಉಕ್ಕಿನ ತುಂಡು. ಸುತ್ತಿಗೆ ಬಿದ್ದು ಬಿದ್ದು ಮೇಲಿನ ತುದಿ ಅಣಬೆಯ ಹಾಗೆ ಅಗಲವಾಗಿದೆ. ಕೆಳಗಿನ ತುದಿಯಲ್ಲಿ ಮೂರು ಗೆರೆ, ನಡುವೆ ಒಂದು ಬೆಟ್ಟ. ಮೂರನೇ ಗೆರೆ ಸ್ವಲ್ಪ ಸವೆದಿದೆ. ಚರ್ಮದ ಚೂರಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡಿದ್ದಾನೆ. ಚಿನ್ನದ ಗಂಟಾಗಿದ್ದರೆ ಮೂರನೇ ವಾರಕ್ಕೆ ಖರ್ಚಾಗಿ ಹೋಗುತ್ತಿತ್ತು. ಇದು ಖರ್ಚಾಗುವುದಿಲ್ಲ. ಡಿಎಂ ಯಾವತ್ತಾದರೂ ಸಂತೆಯಲ್ಲಿ ಒಂದು ಹೊಚ್ಚ ಹೊಸ ಕೊಡಲಿಯ ಮೇಲೆ ಅದೇ ಗುರುತು ತೋರಿಸಬಹುದು, ಮೂರನೇ ಗೆರೆ ಸವೆಯದೆ ಇರುವ ಗುರುತು. ಅಂದರೆ ಬೆಟ್ಟದಲ್ಲಿ ಹೊಸ ಠಸ್ಸೆ ಮಾಡಿಸಿದ್ದಾರೆ.

ಅವನಿಗೆ ಒಂದು ಅಭ್ಯಾಸವನ್ನೂ ಕೊಡಿ. ಗುಂಪಿನಲ್ಲಿ ಯಾರು ಏನೇ ಆಯುಧ ಕೊಂಡರೂ ಕೋಲ್ಬರ್ ಅದನ್ನು ಎತ್ತಿ ಹಿಡಿದು ಉಗುರಿನಿಂದ ಮೀಟುತ್ತಾನೆ, ಕಿವಿಗೊಟ್ಟು ಕೇಳುತ್ತಾನೆ. ಒಳ್ಳೆಯ ಉಕ್ಕು ಗಂಟೆಯ ಹಾಗೆ ಉಲಿಯುತ್ತದೆ. ಬಿರುಕಿದ್ದರೆ ಸದ್ದು ಮಂಕು. ಕಮ್ಮಾರರು ನಿಜವಾಗಿಯೂ ಹೀಗೆ ನೋಡುತ್ತಾರೆ. ಬಾಯಲ್ಲಿ ಒಂದು ಮಾತಿಲ್ಲದೆ ಅವನ ಪಶ್ಚಾತ್ತಾಪ ಎಲ್ಲರಿಗೂ ಕಾಣುತ್ತದೆ.

ಈಗ ರೋಗ್ ವಿಷಯ. ನಿಮ್ಮ ಗೆಳೆಯನ ಮಾತಿಗೆ ಆಟದ ಇತಿಹಾಸವೇ ಒಪ್ಪುವುದಿಲ್ಲ. 1974ರ ಮೊದಲ ನಿಯಮಗಳಲ್ಲಿ ಡ್ವಾರ್ಫ್ ಅಂದರೆ ಹೋರಾಟಗಾರ ಮಾತ್ರ, ಅದೂ 6ನೇ ಲೆವೆಲ್‌ವರೆಗೆ. ಆದರೆ 1978ರ ಪುಸ್ತಕಕ್ಕೆ ಬಂದರೆ ಲೆಕ್ಕ ತಿರುಗಿದೆ. ಹೋರಾಟಗಾರನಾದ ಡ್ವಾರ್ಫ್‌ಗೆ ಒಂದು ಹಂತದಲ್ಲಿ ತಡೆ, ಕಳ್ಳನಾದ (ಇವತ್ತಿನ ರೋಗ್) ಡ್ವಾರ್ಫ್‌ಗೆ ಮಿತಿಯೇ ಇಲ್ಲ.

2014ರ ನಿಯಮದಲ್ಲಿ ಅವನು ಹೇಳುವುದಕ್ಕೆ ಒಂದು ಕಾರಣ ಇದೆ. ರೋಗ್‌ಗೆ ಬೇಕಾದದ್ದು ಡೆಕ್ಸ್ಟೆರಿಟಿ, ಅಂದರೆ ಚುರುಕುತನ, ಡ್ವಾರ್ಫ್‌ಗೆ ಅದು ಜಾಸ್ತಿ ಸಿಗುವುದಿಲ್ಲ. ಮೌಂಟನ್ ಡ್ವಾರ್ಫ್ ಅನ್ನುವ ಬಗೆಗೆ ಹೆಚ್ಚುವರಿಯಾಗಿ ಸಿಗುವುದು ಸ್ಟ್ರೆಂತ್‌ಗೆ (ತೋಳ್ಬಲ) 2, ಕಾನ್‌ಸ್ಟಿಟ್ಯೂಷನ್‌ಗೆ (ದೇಹದ ಗಟ್ಟಿತನ) 2. ಆದರೆ ರೋಗ್‌ನ ಹೊಂಚು ಹೊಡೆತದ, ಅಂದರೆ ಸ್ನೀಕ್ ಅಟ್ಯಾಕ್‌ನ, ನಿಯಮವನ್ನು ಇನ್ನೊಮ್ಮೆ ಓದಿ. ಆಯುಧ ಫಿನೆಸ್ (ಚುರುಕಾಗಿ ಬಳಸುವ) ಬಗೆಯದ್ದೋ ರೇಂಜ್ಡ್ (ದೂರದಿಂದ ಹೊಡೆಯುವ) ಬಗೆಯದ್ದೋ ಆಗಿರಬೇಕು ಅಂತ ಇದೆ, ಅಷ್ಟೇ. ಹೊಡೆತಕ್ಕೆ ಡೆಕ್ಸ್ಟೆರಿಟಿಯನ್ನೇ ಬಳಸಬೇಕು ಅಂತ ಇಲ್ಲ. ಫಿನೆಸ್ ಆಯುಧಕ್ಕೆ ಸ್ಟ್ರೆಂತ್, ಡೆಕ್ಸ್ಟೆರಿಟಿ ಎರಡರಲ್ಲಿ ಯಾವುದನ್ನಾದರೂ ಬಳಸಬಹುದು. ಹಾಗಾಗಿ ತೋಳ್ಬಲದ ರೋಗ್ ಮಾಡಿ. ಪುಸ್ತಕವೇ ಕೊಡುವ ಸ್ಟ್ಯಾಂಡರ್ಡ್ ಅರೇ ಅಂಕಗಳಲ್ಲಿ 15 ಸ್ಟ್ರೆಂತ್‌ಗೆ ಹಾಕಿದರೆ 17 ಆಗುತ್ತದೆ. 14 ಡೆಕ್ಸ್ಟೆರಿಟಿಗೆ. 13 ಕಾನ್‌ಸ್ಟಿಟ್ಯೂಷನ್‌ಗೆ ಹಾಕಿದರೆ 15. ಕೈಯಲ್ಲಿ ರೇಪಿಯರ್, ಅಂದರೆ ತೆಳ್ಳಗಿನ ಉದ್ದ ಕತ್ತಿ, ಇದ್ದರೆ ಮೊದಲ ಲೆವೆಲ್‌ನಲ್ಲೇ ದಾಳಕ್ಕೆ 5 ಸೇರುತ್ತದೆ. ರೇಪಿಯರ್ ಡ್ವಾರ್ಫ್ ಕೈಗೆ ಚೆಂದ ಕಾಣಲ್ಲ ಅನ್ನಿಸಿದರೆ ಶಾರ್ಟ್‌ಸ್ವೋರ್ಡ್ ಹಿಡಿಸಿ.

ಇನ್ನೊಂದು ಲಾಭ ರಕ್ಷಾಕವಚದ್ದು. ಮೌಂಟನ್ ಡ್ವಾರ್ಫ್‌ಗೆ ಮೀಡಿಯಂ ಆರ್ಮರ್ ಬಳಕೆ ಹುಟ್ಟಿನಿಂದಲೇ ಬರುತ್ತದೆ. ರೋಗ್ ಆಗಿ ನಿಮಗೆ ಮೊದಲು ಸಿಗುವುದು ಲೆದರ್, ಅದರಲ್ಲಿ ಎಸಿ, ಅಂದರೆ ಹೊಡೆತ ತಪ್ಪಿಸುವ ಅಂಕ, 13. ಕೈಗೆ 50 ಚಿನ್ನದ ನಾಣ್ಯ ಬಂದ ದಿನ ಚೈನ್ ಶರ್ಟ್ ಕೊಳ್ಳಿ. ಎಸಿ 15 ಆಗುತ್ತದೆ, ಅಡಗಿ ನಡೆಯಲು ಅಡ್ಡಿಯೂ ಇಲ್ಲ. ರೋಗ್‌ಗೆ ಸಿಗುವ ಎಕ್ಸ್‌ಪರ್ಟೈಸ್ (ಒಂದು ಸ್ಕಿಲ್‌ನಲ್ಲಿ ದುಪ್ಪಟ್ಟು ನಿಪುಣತೆ) ಒಂದನ್ನು ಅಥ್ಲೆಟಿಕ್ಸ್‌ಗೆ ಕೊಡಿ, ಅದು ಸೀದಾ 7 ಆಗುತ್ತದೆ. ಎದುರಾಳಿಯನ್ನು ಹಿಡಿದು ನೆಲಕ್ಕೆ ಒಗೆಯುವ ರೋಗ್, ಕತ್ತಲ ಓಣಿಯಲ್ಲಿ ಭುಜದಿಂದ ಗುದ್ದುವವನು. ಔಟ್‌ಲಾಗೆ ಇದು ಹೇಳಿ ಮಾಡಿಸಿದ ಹಾಗಿದೆ.

ಹೊಸಬರು ಬೀಳುವ ಒಂದು ಹಳ್ಳ ಇದೆ, ಎಚ್ಚರ. ಡ್ವಾರ್ಫ್‌ಗೆ ಕೈಗೊಡಲಿ ಅಂದರೆ ಹ್ಯಾಂಡ್‌ಆಕ್ಸ್ ಬಳಕೆ ಗೊತ್ತು, ಅದನ್ನು ಎಸೆಯಲೂ ಬಹುದು. ಆದರೆ ಎಸೆದರೂ ಅದು ರೇಂಜ್ಡ್ ಆಯುಧ ಆಗುವುದಿಲ್ಲ, ಫಿನೆಸ್ ಕೂಡ ಅಲ್ಲ. ಸ್ನೀಕ್ ಅಟ್ಯಾಕ್ ಸಿಗುವುದಿಲ್ಲ. ದೂರದಿಂದ ಹೊಡೆಯಬೇಕಾದರೆ ಡ್ಯಾಗರ್ ಇಟ್ಟುಕೊಳ್ಳಿ.

ಡ್ವಾರ್ಫ್‌ಗೆ ಸಿಗುವ ಕಸುಬಿನ ಸಲಕರಣೆಗಳಲ್ಲಿ ಕಮ್ಮಾರನದ್ದನ್ನು ತೆಗೆದುಕೊಳ್ಳಿ. ಬ್ಯಾಕ್‌ಗ್ರೌಂಡ್‌ಗೆ, ಅಂದರೆ ಪಾತ್ರದ ಹಿಂದಿನ ಬದುಕಿಗೆ, ಎಲ್ಲರೂ ಕ್ರಿಮಿನಲ್ ಅನ್ನುತ್ತಾರೆ, ನಾನು ಬೇಡ ಅನ್ನುತ್ತೇನೆ. ಅದರಲ್ಲಿ ಸಿಗುವುದು ಕಳ್ಳರ ಜಾಲದ ಪರಿಚಯ. ಕೋಲ್ಬರ್‌ಗೆ ಬೇಕಾದದ್ದು ಫೋಕ್ ಹೀರೋನಲ್ಲಿ ಇದೆ. ಸಾಮಾನ್ಯ ಜನ ಅವನಿಗೆ ತಂಗಲು ಜಾಗ ಕೊಡುತ್ತಾರೆ, ಹುಡುಕಿಕೊಂಡು ಬಂದವರಿಂದ ಅಡಗಿಸುತ್ತಾರೆ, ತಮ್ಮ ಜೀವಕ್ಕೆ ಕುತ್ತು ಬರದವರೆಗೆ. ಔಟ್‌ಲಾ ಬದುಕನ್ನು ಇದಕ್ಕಿಂತ ಚೆನ್ನಾಗಿ ಹಿಡಿದ ನಿಯಮ ಆ ಪುಸ್ತಕದಲ್ಲಿ ಇಲ್ಲ. ಸ್ಕಿಲ್‌ಗಳು ಹೊಂದದಿದ್ದರೆ ಬದಲಾಯಿಸಿಕೊಳ್ಳಲು ಪುಸ್ತಕವೇ ಅನುಮತಿ ಕೊಡುತ್ತದೆ. ಪ್ರಾಣಿ ಪಳಗಿಸುವುದನ್ನು ಬಿಟ್ಟು ಇನ್‌ಸೈಟ್ ತೆಗೆದುಕೊಳ್ಳಿ. ಬಾಗಿಲು ತೆರೆದವರ ಮುಖ ಓದಲು ಬರದವನು ಇಷ್ಟು ವರ್ಷ ಉಳಿಯುತ್ತಿರಲಿಲ್ಲ.

ಮುಂದೆ ನೀವು 2024ರ ಪುಸ್ತಕಕ್ಕೆ ಹೋದರೆ ಈ ಲೆಕ್ಕ ಬದಲಾಗುತ್ತದೆ. ಅಲ್ಲಿ ಮೌಂಟನ್, ಹಿಲ್ ಅನ್ನುವ ಭೇದ ಇಲ್ಲ, ಆರ್ಮರ್ ಲಾಭವೂ ಇಲ್ಲ. ಬದಲಿಗೆ ಕಲ್ಲಿನ ಮೇಲೆ ನಿಂತು 60 ಅಡಿಯ ಒಳಗಿನ ಅಲುಗಾಟವನ್ನು ಕಾಲಿನಿಂದಲೇ ತಿಳಿಯುವ ಶಕ್ತಿ ಬಂದಿದೆ, 10 ನಿಮಿಷದವರೆಗೆ. ಮಣ್ಣಿನ ಮೇಲೆ ಅದು ನಡೆಯುವುದಿಲ್ಲ. ನಿಶ್ಶಬ್ದಕ್ಕೆ ಹೆದರುವ ಡ್ವಾರ್ಫ್‌ಗೆ ಇದು ಎಷ್ಟು ಚೆನ್ನಾಗಿ ಹೊಂದುತ್ತದೆ ಅಂತ ನೋಡಿ.

ಮೇಜಿನ ಬಗ್ಗೆ ಒಂದೇ ಮಾತು. ಗುಂಪಿನವರ ಜೇಬಿಗೆ ಕೈ ಹಾಕಬೇಡಿ. 'ನನ್ನ ಪಾತ್ರ ಹಾಗೇ ಮಾಡ್ತಾನೆ' ಅಂತ ಹೇಳಿ ಗೆಳೆಯರ ಮಾಲು ಕದ್ದ ಆಟಗಾರನ ಜೊತೆ ನಾನೂ ಆಡಿದ್ದೇನೆ. ನಾಲ್ಕನೇ ವಾರಕ್ಕೆ ಇಬ್ಬರು ಬರುವುದನ್ನೇ ಬಿಟ್ಟರು. ಕೋಲ್ಬರ್‌ನ ಗುಟ್ಟನ್ನು ಕೂಡ ನಿಮ್ಮ ಗೆಳೆಯರಿಗೆ ಮೊದಲೇ ಹೇಳಿಬಿಡಿ, ಅವರ ಪಾತ್ರಗಳಿಗೆ ಗೊತ್ತಿಲ್ಲದಿದ್ದರೆ ಸಾಕು. ಗುಟ್ಟು ಗೊತ್ತಿರುವ ಗೆಳೆಯ ನಿಮಗೆ ಒಳ್ಳೆಯ ಪ್ರಶ್ನೆ ಎಸೆಯುತ್ತಾನೆ.

ಡಿಎಂ ಕೈಗೆ ಆ ಮೂರು ಮನೆಗಳನ್ನು ಕೊಡಿ. ಬೆಟ್ಟದ ಕೆಳಗಿನ ಊರುಗಳಲ್ಲಿ ಮೂರೇ ಮೂರು ಬಾಗಿಲು ಅವನಿಗೆ ತೆರೆಯುತ್ತವೆ. ಅದರಲ್ಲಿ ಒಂದು, ಆ ಪಂಜರದಲ್ಲಿ ಸತ್ತವನ ಹೆಂಡತಿಯದ್ದು. ಅವಳು ಯಾಕೆ ತೆರೆದಳು ಅಂತ ನೀವು ತೀರ್ಮಾನಿಸಬೇಡಿ, ಡಿಎಂಗೆ ಬಿಡಿ. ಡ್ವಾರ್ಫ್ ಕಾನೂನಿನಲ್ಲೂ ಬಾಣದ ದೂರದ ನಿಯಮ ಇದೆ ಅಂತ ಇಟ್ಟುಕೊಳ್ಳಿ. ಈ ಆಟದಲ್ಲಿ ಲಾಂಗ್‌ಬೋ ಬಾಣ ಹೋಗುವುದು 600 ಅಡಿ. ಆ ಮನೆಯ ಸುತ್ತ 600 ಅಡಿ ಒಳಗೆ ಅವನನ್ನು ಯಾರೂ ಮುಟ್ಟುವುದಿಲ್ಲ. ಬೆಳಿಗ್ಗೆ ಎದ್ದು ಕಿಟಕಿ ತೆರೆದರೆ ಗಡಿಯ ಆಚೆ ಒಲೆ ಹಚ್ಚಿಕೊಂಡು ಮೂರು ಜನ ಡ್ವಾರ್ಫ್‌ಗಳು ಕಾಯುತ್ತಾ ಕೂತಿದ್ದಾರೆ. ಒಬ್ಬಳು ಅವನ ಅತ್ತಿಗೆ. ಕೈ ಬೀಸುತ್ತಾಳೆ.

ಕೊನೆಯದಾಗಿ, ವರ್ಷಗಳ ಲೆಕ್ಕ. ಡ್ವಾರ್ಫ್‌ಗೆ ಡ್ವಾರ್ಫ್ ಅನ್ನುವ ತೂಕ ಬರುವುದು ಇಲ್ಲಿ. 2014ರ ಪುಸ್ತಕದ ಪ್ರಕಾರ ಡ್ವಾರ್ಫ್ ಸರಾಸರಿ 350 ವರ್ಷ ಬದುಕುತ್ತಾನೆ, 50 ಆಗುವವರೆಗೆ ಅವನನ್ನು ಚಿಕ್ಕವನು ಅಂತಲೇ ನೋಡುತ್ತಾರೆ. ಗ್ರೆಟ್ಟಿರ್‌ನ ಕಥೆಯಲ್ಲಿ 20 ವರ್ಷ ತುಂಬಿದರೆ ಔಟ್‌ಲಾ ಬಿಡುಗಡೆ ಆಗುತ್ತಾನೆ, ಅದಕ್ಕೆ ಸ್ವಲ್ಪ ಮುಂಚೆ ಅವನನ್ನು ಕೊಂದರು. ಡ್ವಾರ್ಫ್‌ಗೆ 20 ವರ್ಷ ಏನೂ ಅಲ್ಲ. ಅವರ ಸಭೆ ಕೊಡುವುದು 100 ವರ್ಷ. ಮನುಷ್ಯರ ಊರಿನಲ್ಲಾದರೆ ಅಷ್ಟರಲ್ಲಿ ತೀರ್ಪು ಕೊಟ್ಟವರೂ ಇಲ್ಲ, ಸಾಕ್ಷಿ ಹೇಳಿದವರೂ ಇಲ್ಲ. ಮೊಮ್ಮಕ್ಕಳಿಗೆ ಅದು ಬರೀ ಕಥೆ. ಬೆಟ್ಟದೊಳಗೆ ಹಾಗಲ್ಲ. ತೀರ್ಪು ಕೊಟ್ಟವನು ಅದೇ ಕಲ್ಲಿನ ಮೇಲೆ ಕೂತಿದ್ದಾನೆ. 'ಒತ್ತು' ಅಂದ ಹಿರಿಯನೂ ಇದ್ದಾನೆ.

ಕೋಲ್ಬರ್ ಹೊರಗೆ ಬಂದು 39 ವರ್ಷ ಆಯಿತು ಅಂತ ಇಟ್ಟುಕೊಳ್ಳಿ. ಗಂಡನನ್ನು ಕಳೆದುಕೊಂಡೂ ಬಾಗಿಲು ತೆರೆದ ಆ ಹೆಂಗಸಿಗೆ ಆಗ 20, ಈಗ 59. ಅವನ ಗಡ್ಡದಲ್ಲಿ ಇನ್ನೂ ಒಂದು ಬಿಳಿಯಿಲ್ಲ. ಬಿಡುಗಡೆಗೆ 61 ವರ್ಷ ಉಳಿದಿದೆ. ಅವನು ಮನೆಗೆ ಹೋಗುವ ದಿನ ಅವನಿಗೆ ಬಾಗಿಲು ತೆರೆದವರು ಇರುವುದಿಲ್ಲ, ಈಗ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿರುವ ಮನುಷ್ಯ ಗೆಳೆಯರೂ ಇರುವುದಿಲ್ಲ. ಕ್ಯಾರೆಕ್ಟರ್ ಶೀಟಿನ ಮೂಲೆಯಲ್ಲಿ 61 ಅಂತ ಬರೆದುಕೊಳ್ಳಿ. ಪೆನ್ಸಿಲಿನಲ್ಲೇ ಬರೆಯಿರಿ. ನಿಮ್ಮ ಡಿಎಂ ಅದನ್ನು ತಿದ್ದಿಸದೆ ಬಿಡುವುದಿಲ್ಲ.